ಬ್ಲ್ಯಾಕ್ ಹೋಲ್ ಪಿನ್‌ಬಾಲ್ ಕೊಳ್ಳೋ ಮುಂಚೆ ಹಿಂದಿನ ಪೆಟ್ಟಿಗೆ ತೆಗೆಸಿ ನೋಡಿ

ಶಿಕಾಗೋ ಸುತ್ತಮುತ್ತ ಇರೋ ನಮ್ಮವರಿಗೆ ಇದು. ಪಿನ್‌ಬಾಲ್ ಅಂದ್ರೆ ಇಳಿಜಾರು ಹಲಗೆಯ ಮೇಲೆ ಉರುಳೋ ಗುಂಡನ್ನು ಫ್ಲಿಪ್ಪರ್ ಅನ್ನೋ ಪುಟ್ಟ ತೋಳುಗಳಿಂದ ಹೊಡೆದು ಆಡೋ ಮಷೀನ್. ಹಳೇ ಪಿನ್‌ಬಾಲ್ ಮಷೀನುಗಳು ಹೆಚ್ಚಾಗಿ ಈ ಕಡೆಯೇ ತಯಾರಾದವು, ಯಾರದೋ ಗ್ಯಾರೇಜಿನಲ್ಲಿ ಆಗಾಗ ಮಾರಾಟಕ್ಕೆ ಸಿಗುತ್ತವೆ. ನನಗೆ ಸಿಕ್ಕಿದ್ದು ಗಾಟ್ಲೀಬ್ ಕಂಪನಿ 1981ರಲ್ಲಿ ತಂದ ಬ್ಲ್ಯಾಕ್ ಹೋಲ್. 2,600 ಡಾಲರ್ ಕೊಟ್ಟೆ. ಮೂರೇ ದಿನ ಆಡಿದೆ.

ಅದರ ಅಂದಕ್ಕೆ ಮರುಳಾದೆ, ಅಷ್ಟೇ. ಆಟದ ಹಲಗೆಯ ನಡುವೆ ಒಂದು ಕಿಟಕಿ, ಅದರೊಳಗೆ ಕೆಳಗೆ ಇನ್ನೊಂದು ಪುಟ್ಟ ಹಲಗೆ ಕಾಣುತ್ತದೆ. ಗುಂಡು ಕುಳಿಗೆ ಬಿದ್ದರೆ ಅಲ್ಲಿಗೆ ಇಳಿಯುತ್ತದೆ. ಮಜಾ ಏನಂದ್ರೆ ಆ ಹಲಗೆಯ ಇಳಿಜಾರು ಉಲ್ಟಾ: ಗುಂಡು ನಮ್ಮಿಂದ ದೂರಕ್ಕೆ ಉರುಳುತ್ತದೆ, ಫ್ಲಿಪ್ಪರಿನಲ್ಲಿ ಹೊಡೆದು ನಮ್ಮ ಕಡೆಗೆ ತರಬೇಕು! ಹಲಗೆಯ ಹಿಂದೆ ನಿಂತಿರೋ ಪೆಟ್ಟಿಗೆಯ ಮುಂಭಾಗದಲ್ಲಿ ಚಿತ್ರ ಬರೆದ ಗಾಜಿದೆ, ಅದರ ಹಿಂದೆ ಸುರುಳಿಯ ತಟ್ಟೆ ಗಿರಗಿರ ತಿರುಗುತ್ತಿರುತ್ತದೆ. ಇದನ್ನೆಲ್ಲ ನೋಡಿದವನಿಗೆ ಬುದ್ಧಿ ಎಲ್ಲಿರುತ್ತೆ ಹೇಳಿ.

ಕೆಳಗಿನ ಹಲಗೆಯ ಒಂದು ಫ್ಲಿಪ್ಪರ್ ನೋಡೋಕೆ ಹೋದಾಗಲೇ ಸತ್ತಿತ್ತು. ಸ್ವಿಚ್ ಉಜ್ಜಿದರೆ ಸರಿಹೋಗುತ್ತೆ ಅಂದ ಮಾರುವವನು. ಸರ್ಕ್ಯೂಟ್ ಬೋರ್ಡುಗಳಿರೋ ಆ ಹಿಂದಿನ ಪೆಟ್ಟಿಗೆ ತೆಗೆ ಅಂದರೆ ಕೀ ಕಳೆದಿದೆ ಅಂದ. ಅಲ್ಲೇ ಎದ್ದು ಬರಬೇಕಿತ್ತು, ಅಲ್ವಾ?

ಮನೆಗೆ ತಂದು ಬೀಗಕ್ಕೆ ಡ್ರಿಲ್ ಹಾಕಿ ತೆಗೆದರೆ ಒಳಗೆ ಹಸಿರು ಕಿಲುಬು. ಸಿಸ್ಟಮ್ 80 ಅನ್ನೋ ಈ ಸರಣಿಯ ಗಾಟ್ಲೀಬ್ ಮಷೀನುಗಳಲ್ಲಿ ಮುಖ್ಯ ಬೋರ್ಡಿಗೇ ನಿಕ್ಕಲ್ ಕ್ಯಾಡ್ಮಿಯಂ ಬ್ಯಾಟರಿ ಬೆಸುಗೆ ಹಾಕಿರುತ್ತಾರೆ, ವಯಸ್ಸಾದ ಮೇಲೆ ಅದು ಸೋರಿ ತಾಮ್ರದ ಗೆರೆ, ಕನೆಕ್ಟರ್ ಪಿನ್ನು ಎಲ್ಲವನ್ನೂ ತಿಂದುಬಿಡುತ್ತದೆ. ಜೊತೆಗೆ ಬೋರ್ಡುಗಳ ನಡುವಿನ ಗ್ರೌಂಡ್ ತಂತಿಯ ಸಂಪರ್ಕ ಕೈಕೊಟ್ಟರೆ, ಫ್ಲಿಪ್ಪರ್ ಮುಂತಾದವನ್ನು ಆಡಿಸೋ ತಂತಿ ಸುರುಳಿಗಳು, ಅಂದ್ರೆ ಕಾಯಿಲ್‌ಗಳು ತಾವಾಗೇ ಆನ್ ಆಗಿ ಹಾಗೇ ಉಳಿಯುತ್ತವೆ. ನಾನು ಅದನ್ನೆಲ್ಲ ಸುಮ್ನೆ ಒರೆಸಿ ಆಡಿದೆ, ಅದು ನನ್ನ ದಡ್ಡತನ. ಮೂರನೇ ಸಂಜೆ ಸುಟ್ಟ ವಾಸನೆ, ಪ್ಲಗ್ ಕೀಳುವಷ್ಟರಲ್ಲಿ ಒಂದು ಕಾಯಿಲ್ ಕರಕಲಾಗಿತ್ತು.

ಆಮೇಲೆ ಗಾಜಿನ ಹಿಂದಿನಿಂದ ಟಾರ್ಚ್ ಬಿಟ್ಟು ನೋಡಿದೆ. ಚಿತ್ರದ ಬಣ್ಣವೂ ಒಳಗಿನಿಂದ ಏಳುತ್ತಿದೆ. ಮುಂದಿನಿಂದ ತೆಗೆದ ಫೋಟೋದಲ್ಲಿ ಇದು ಗೊತ್ತೇ ಆಗಿರಲಿಲ್ಲ. ನೀವು ಹೋಗುವಾಗ ಟಾರ್ಚ್ ಒಯ್ಯಿರಿ, ಬೋರ್ಡ್ ತೋರಿಸದವನಿಗೆ ಮುಂಗಡವನ್ನೂ ಕೊಡಬೇಡಿ, ಮಷೀನ್ ಆನ್ ಮಾಡಿಸಿ ಒಂದು ಗಂಟೆಯಾದರೂ ಆಡಿ. ಕೊಳ್ಳೋ ಮುಂಚೆ ನಾನು ಆಡಿದ್ದು ಹತ್ತು ನಿಮಿಷ.

ಮಾರಿದವನು ಈಗ ಫೋನ್ ಎತ್ತುತ್ತಿಲ್ಲ. ಬೋರ್ಡ್ ರಿಪೇರಿಗೆ ಹೋಗಿದೆ. ಕೆಳಗಿನ ಹಲಗೆ ಬಿಚ್ಚಿ ಅನುಭವ ಇರುವವರು ಯಾರಾದ್ರೂ ಇದ್ದರೆ ಹೇಳಿ, ಕಾಫಿ ತಿಂಡಿ ನನ್ನದು.