ಸಂಘದ ಚುನಾವಣೆಗೆ ಗದಗಿನ ಪ್ರೆಸ್ಸಿನಲ್ಲಿ ಕಾರ್ಡ್ ಮಾಡಿಸಿದ್ದು

ವಕೀಲರ ಸಂಘದ ಚುನಾವಣೆಗೆ ನಿಲ್ಲುವವರಿಗೆ ಮೊದಲೇ ಹೇಳಿಬಿಡುತ್ತೇನೆ: ಪಾಂಪ್ಲೆಟ್ ಮಾಡಿಸಬೇಡಿ. ನಮ್ಮ ಮತದಾರರೆಲ್ಲ ದಿನವಿಡೀ ಕಾಗದ ಓದಿ ಬೇಸತ್ತವರು. ನೀವು ಕೊಟ್ಟಿದ್ದನ್ನು ನಗುತ್ತಲೇ ಇಸಕೊಂಡು, ಬಾರ್ ರೂಮಿನ ಬಾಗಿಲು ದಾಟುವುದರೊಳಗೆ ಅದರ ಹಿಂಬದಿಗೆ ಮುಂದಿನ ತಾರೀಖು ಬರೆದುಕೊಂಡಿರುತ್ತಾರೆ.

ನಮ್ಮದು ಕೊಪ್ಪಳ ಜಿಲ್ಲೆಯ ಒಂದು ತಾಲ್ಲೂಕು ಕೋರ್ಟು. ಈ ಸಲ ಕಾರ್ಯದರ್ಶಿ ಸ್ಥಾನಕ್ಕೆ ನಿಂತಿದ್ದೆ, ಕಾರ್ಡನ್ನು ಗದಗಿನ ಒಂದು ಆಫ್‌ಸೆಟ್ ಪ್ರೆಸ್ಸಿನಲ್ಲಿ ಮಾಡಿಸಿದೆ. ಪ್ರೆಸ್ಸಿನ ಹೆಸರು ಬರೆಯುತ್ತಿಲ್ಲ. ಮಾಲಕರೇ ಬೇಡ ಅಂದರು: "ಮೇಡಮ್ಮಾರ, ನಿಮ್ಮ ಎದುರಾಳೀದೂ ನಮ್ಮ ಕಡೇನ ಐತ್ರಿ. ನಮ್ಮನ್ನ ಒಂದ್ ಪಾರ್ಟಿಗೆ ಕಟ್ಟಬ್ಯಾಡ್ರಿ."

ಊರಲ್ಲೇ ಎರಡು ಡಿಟಿಪಿ ಅಂಗಡಿ ಇರುವಾಗ ಗದಗಿನವರೆಗೆ ರೈಲು ಹತ್ತಿದ್ದೇಕೆ ಎಂದು ಮನೆಯಲ್ಲೂ ಕೇಳಿದರು. ಗದಗಿಗೆ ಮುದ್ರಣ ಕಾಶಿ ಅನ್ನುತ್ತಾರಲ್ಲ, ಅದೊಂದು. ಅದಕ್ಕಿಂತ ದೊಡ್ಡ ಕಾರಣ ಸಮಯ. ನಾಮಪತ್ರ ಹಿಂದಕ್ಕೆ ಪಡೆಯುವ ಕೊನೆಯ ದಿನ ಸಂಜೆಯವರೆಗೆ ಮತಪತ್ರದಲ್ಲಿ ನಮ್ಮ ಕ್ರಮಸಂಖ್ಯೆ ಯಾವುದೆಂದು ಗೊತ್ತಾಗುವುದಿಲ್ಲ. ಸಂಖ್ಯೆ ಇಲ್ಲದ ಕಾರ್ಡ್ ಹಂಚಿದರೆ ಬರೀ ಪರಿಚಯವಾಗುತ್ತದೆ, ಓಟಾಗುವುದಿಲ್ಲ. ಆಮೇಲೆ ಉಳಿಯುವುದು ಒಂದು ವಾರವೂ ಇಲ್ಲ. ಈ ಪ್ರೆಸ್ಸಿನವರು ಉಳಿದದ್ದೆಲ್ಲ ಮುಂಚೆಯೇ ಸೆಟ್ ಮಾಡಿ, ಸಂಖ್ಯೆಯ ಜಾಗವನ್ನು ಮಾತ್ರ ಖಾಲಿ ಬಿಟ್ಟುಕೊಂಡಿದ್ದರು. ಸಂಜೆ ಫೋನಿನಲ್ಲಿ "ಮೂರು" ಅಂದೆ, ಮರುದಿನ ರಾತ್ರಿ ಕಟ್ಟು ಬಸ್ಸಿಗೆ ಹಾಕಿದರು. ಈ ಕೆಲಸ ಅವರಿಗೆ ಹೊಸದಲ್ಲ. ಶಿಕ್ಷಕರ ಸಂಘ, ನೌಕರರ ಸಂಘ, ಪತ್ರಕರ್ತರ ಸಂಘ ಎಲ್ಲದಕ್ಕೂ ಮಾಡಿಕೊಟ್ಟವರು.

ಆರ್ಡರ್ ಕೊಡುವಾಗ ಒಂದು ಘೋಷಣಾ ಪತ್ರಕ್ಕೆ ಸಹಿ ಕೇಳಿದರು, ಪರಿಚಯದ ಇಬ್ಬರ ಸಾಕ್ಷಿ ಸಮೇತ. ಪ್ರಜಾಪ್ರತಿನಿಧಿ ಕಾಯ್ದೆಯ 127ಎ ಕಲಮಿನದು. ಆ ಕಲಮು ವಿಧಾನಸಭೆ, ಲೋಕಸಭೆಯಂಥ ಚುನಾವಣೆಗೆ, ನಮ್ಮ ಸಂಘಕ್ಕೆ ಅನ್ವಯಿಸುವುದಿಲ್ಲ ಎಂದು ವಾದ ಶುರುಮಾಡಿದೆ. ಮಾಲಕರು ಪೂರ್ತಿ ಕೇಳಿಸಿಕೊಂಡು, "ಖರೇ ಐತ್ರಿ, ಆದ್ರೂ ಒಂದ್ ಸಹಿ ಇರಲಿ" ಅಂದರು. ಕಾರ್ಡಿನ ತುದಿಯಲ್ಲಿ ಮುದ್ರಕರ ಹೆಸರು, ಪ್ರತಿಗಳ ಸಂಖ್ಯೆ ಸಣ್ಣಕ್ಷರದಲ್ಲಿ ಬಂತು. ನನ್ನ ಹೆಸರಿನಲ್ಲಿ ಯಾರೋ ಕಳ್ಳ ಕಾರ್ಡ್ ಹಂಚಿದ್ದರೆ ಆ ಸಾಲೇ ನನ್ನನ್ನು ಕಾಯುತ್ತಿತ್ತು, ಹಾಗಾಗಿ ತಕರಾರಿಲ್ಲ.

ಮೊದಲ ಡಿಸೈನ್ ನೋಡಿ ಮಾತ್ರ ಸಿಟ್ಟು ಬಂತು. ಪೂರ್ತಿ ಗುಲಾಬಿ ಬಣ್ಣ, ಮೂಲೆಯಲ್ಲಿ ಹೂವು, ನಡುವೆ ಕೈಮುಗಿದ ನಾನು. "ಲೇಡೀಸ್ ಕ್ಯಾಂಡಿಡೇಟ್ ಅಂದ್ರ ಇದ ನಡೀತದ್ರಿ" ಅಂದ ಕಂಪ್ಯೂಟರ್ ಮುಂದಿನ ಹುಡುಗ. 2025ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಬೆಂಗಳೂರು ವಕೀಲರ ಸಂಘದ ಖಜಾಂಚಿ ಹುದ್ದೆಯನ್ನು ಮಹಿಳೆಯರಿಗೆ ಮೀಸಲಿಟ್ಟಾಗಿನಿಂದ ನಮ್ಮ ಹಿರಿಯರಿಗೂ "ಅಕ್ಕಾರ, ಖಜಾಂಚಿಗೆ ನಿಲ್ರಿ" ಅನ್ನುವುದು ಬಾಯಿಪಾಠವಾಗಿತ್ತು. ಅದನ್ನು ತಪ್ಪಿಸಿಕೊಂಡು ಕಾರ್ಯದರ್ಶಿಗೆ ನಿಂತರೆ ಇಲ್ಲಿ ಹೂವು. ಬಿಳಿ ಕಾರ್ಡು, ಕಪ್ಪು ಅಕ್ಷರ, ಕೋಟು-ಬ್ಯಾಂಡಿನ ಫೋಟೋ ಸಾಕು ಅಂದೆ. ಎರಡನೇ ಮಾತಿಲ್ಲದೆ ಬದಲಿಸಿದರು.

ಇನ್ನು ಕಾರ್ಡಿನ ಒಳಗಿನ ಸಂಗತಿ. ಒಂದು ಮಡಿಕೆಯ ಕಾರ್ಡು, ಕೋಟಿನ ಜೇಬಿಗೆ ಸರಿಹೋಗುವಷ್ಟು. ಹೊರಗೆ ನನ್ನ ಹೆಸರು, ಸಂಖ್ಯೆ, ಮೂರೇ ಮೂರು ಭರವಸೆ. ಒಳಗೆ ಹಳೇ ಕಾನೂನು–ಹೊಸ ಕಾನೂನಿನ ಕಲಮುಗಳ ಪಟ್ಟಿ. 2024ರ ಜುಲೈ 1ಕ್ಕೆ ಅಪರಾಧ-ಶಿಕ್ಷೆಯ ಐಪಿಸಿ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂತು, ತನಿಖೆ-ವಿಚಾರಣೆಯ ಕ್ರಮ ಹೇಳುವ ಸಿಆರ್‌ಪಿಸಿ ಜಾಗಕ್ಕೆ ನಾಗರಿಕ ಸುರಕ್ಷಾ ಸಂಹಿತೆ. ಆದರೆ ಆ ತಾರೀಖಿನ ಹಿಂದಿನ ಅಪರಾಧಗಳು ಇವತ್ತಿಗೂ ಐಪಿಸಿಯಲ್ಲೇ ನಡೆಯುತ್ತಿವೆ. ಬೆಳಿಗ್ಗೆ 302ರ ಸಾಕ್ಷಿ ವಿಚಾರಣೆ, ಮಧ್ಯಾಹ್ನ 103ರ ಜಾಮೀನು ಅರ್ಜಿ, ಎರಡೂ ಕೊಲೆ. 420 ಅಂದರೆ ಊರಿಗೆಲ್ಲ ಗೊತ್ತು, ಅದೇ ವಂಚನೆಗೆ ಈಗ 318(4) ಅಂದರೆ ಕಕ್ಷಿದಾರನಿಗಿರಲಿ ನಮಗೇ ಕ್ಷಣ ಬೇಕು. ಜೀವನಾಂಶದ 125 ಈಗ 144, ಅದು ಕೇಳಿದರೆ ಹಳೇ 144ರ ನಿಷೇಧಾಜ್ಞೆ ನೆನಪಾಗುತ್ತದೆ. ಇಂಥ ಪಟ್ಟಿಯಿರುವ ಕಾರ್ಡನ್ನು ಯಾರೂ ಬಿಸಾಡುವುದಿಲ್ಲ.

ಐವತ್ತು ಸಾಲಿನ ಪಟ್ಟಿ ಒಯ್ದಿದ್ದೆ. ಮಾಲಕರು ಕಲಮು ಓದಲಿಲ್ಲ, ಅಕ್ಷರದ ಅಳತೆ ನೋಡಿದರು. "ನಿಮ್ಮ ಸಂಘದಾಗ ಅರವತ್ತು ದಾಟಿದವ್ರು ಎಷ್ಟ್ ಮಂದಿ ಅದಾರ್ರಿ? ಏಳು ಪಾಯಿಂಟಿನಾಗ ಅವ್ರಿಗೆ ಕಾಣಂಗಿಲ್ರಿ." ಹಿರಿಯರ ಓಟು ನಮ್ಮಲ್ಲಿ ಒಟ್ಟಿಗೇ ಬೀಳುತ್ತದೆ, ಒಟ್ಟಿಗೇ ತಪ್ಪುತ್ತದೆ. ಅರ್ಧದಷ್ಟು ಸಾಲು ತೆಗೆದು ಅಕ್ಷರ ದೊಡ್ಡದು ಮಾಡಿಸಿದೆ. ಈ ಪ್ರೆಸ್ಸಿಗೆ ಕೊಟ್ಟ ದುಡ್ಡು ಆ ಒಂದು ಪ್ರಶ್ನೆಗೇ ವಸೂಲಾಯಿತು ಅನ್ನಬಹುದು.

ಪ್ರೂಫ್ ವಿಷಯದಲ್ಲಿ ಎಚ್ಚರ ಬೇಕು. ನಾನು ಮೊಬೈಲಿನಲ್ಲಿ ಯೂನಿಕೋಡ್‌ನಲ್ಲಿ ಟೈಪ್ ಮಾಡಿ ಕಳಿಸಿದ್ದೆ, ಅವರು ಅದನ್ನು ನುಡಿ ತಂತ್ರಾಂಶದ ಫಾಂಟಿಗೆ ಬದಲಾಯಿಸಿಕೊಳ್ಳುತ್ತಾರೆ. ಆ ದಾರಿಯಲ್ಲಿ ಅರ್ಕಾವತ್ತು ಜಾಗ ಬಿಟ್ಟು ಓಡುತ್ತದೆ. ಮೊದಲ ಪ್ರೂಫಿನಲ್ಲಿ ನಾನು "ಕಾಯರ್ದಶಿರ್" ಸ್ಥಾನದ ಅಭ್ಯರ್ಥಿ. ಅದನ್ನು ನಾನು ಬಾಯಿಬಿಡುವ ಮೊದಲೇ ಪ್ರೆಸ್ಸಿನ ಹಿರಿಯ ಪ್ರೂಫ್ ರೀಡರ್ ಪೆನ್ಸಿಲಿನಲ್ಲಿ ಸುತ್ತುಹಾಕಿ ಇಟ್ಟಿದ್ದರು. ಕನ್ನಡದಲ್ಲಿ ಅವರ ಕಣ್ಣು ತಪ್ಪಿಸುವುದು ಕಷ್ಟ. ಅಂಕಿಗಳು ಮಾತ್ರ ಅವರ ಕೈಗೆ ಸಿಗಲಿಲ್ಲ. ನಿರೀಕ್ಷಣಾ ಜಾಮೀನಿನ ಹಳೇ 438 ಹೊಸದರಲ್ಲಿ 482. ಹೈಕೋರ್ಟಿನ ಅಂತರ್ಗತ ಅಧಿಕಾರದ ಹಳೇ 482 ಹೊಸದರಲ್ಲಿ 528. ಟೈಪ್ ಮಾಡಿದ ಹುಡುಗ 482ರ ಎದುರಿಗೆ 482 ಇಟ್ಟು, 528ನ್ನು ಮೇಲಿನ ಸಾಲಿಗೆ ಏರಿಸಿದ್ದ. ಅದು ಹಾಗೇ ಅಚ್ಚಾಗಿದ್ದರೆ, ಕಾರ್ಡ್ ನಂಬಿ ನಿರೀಕ್ಷಣಾ ಜಾಮೀನನ್ನು 528ರಲ್ಲಿ ಹಾಕಿ ಆಫೀಸ್ ಆಬ್ಜೆಕ್ಷನ್ ತಿಂದ ಜ್ಯೂನಿಯರ್ ನನಗೆ ಓಟು ಹಾಕುತ್ತಿದ್ದನೇ? ಕಲಮು, ಫೋನ್ ನಂಬರು, ತಾರೀಖು ಇವನ್ನೆಲ್ಲ ನೀವೇ ಕೂತು ತಾಳೆ ನೋಡಬೇಕು.

ಗುಟ್ಟು ಕಾಯುವುದರಲ್ಲಿ ಪೂರ್ತಿ ಅಂಕ. ಎದುರಾಳಿಯ ಪ್ರೂಫ್ ಅದೇ ಟೇಬಲ್ಲಿನ ಮೇಲೆ ಇತ್ತು, ಬೋರಲು ಹಾಕಿ ಮೇಲೆ ಪೇಪರ್‌ವೇಟ್ ಇಟ್ಟಿದ್ದರು. "ಅವ್ರದು ಏನ್ ಬಣ್ಣ?" ಎಂದು ತಮಾಷೆಗೆ ಕೇಳಿದ್ದಕ್ಕೆ ಚಹಾ ತರಿಸಿದರು, ಉತ್ತರ ಕೊಡಲಿಲ್ಲ. ನನ್ನ ಕಲಮಿನ ಪಟ್ಟಿ ಸಹ ಆ ಕಡೆ ಹೋಗಲಿಲ್ಲ. ಹೋಗಿದ್ದರೆ ಅವರ ಕಾರ್ಡಿನಲ್ಲಿ ಲಕ್ಷ್ಮೀ ಫೋಟೋ ಯಾಕಿರುತ್ತಿತ್ತು?

ದರ ಹೇಳಬೇಕೆಂದರೆ, ಸಾವಿರ ಕಾರ್ಡಿಗೆ ಲ್ಯಾಮಿನೇಷನ್ ಸೇರಿ ಮೂರು ಸಾವಿರದ ಆಸುಪಾಸು. ನಮ್ಮ ಸದಸ್ಯರು ಮುನ್ನೂರೂ ಇಲ್ಲ. ಆದರೆ ಆಫ್‌ಸೆಟ್‌ನಲ್ಲಿ ಪ್ಲೇಟಿನ ಖರ್ಚು ನೂರಕ್ಕೂ ಅಷ್ಟೇ, ಸಾವಿರಕ್ಕೂ ಅಷ್ಟೇ. ಉಳಿದವು ವ್ಯರ್ಥವಾಗಲಿಲ್ಲ. ಗುಮಾಸ್ತರು ಇಸಕೊಂಡರು, ಠಾಣೆಯ ಕೋರ್ಟ್ ಡ್ಯೂಟಿ ಕಾನ್‌ಸ್ಟೇಬಲ್ ನಾಲ್ಕು ಒಯ್ದ. ಚುನಾವಣೆಯಲ್ಲಿ ನಾನು ಸೋತೆ, ಹೆಚ್ಚು ಅಂತರವೇನಿಲ್ಲ. ಗೆದ್ದವರ ಜ್ಯೂನಿಯರ್ ಮೊನ್ನೆ ಬಂದು "ಮೇಡಂ, ಇನ್ನೊಂದು ಐತೇನ್ರಿ" ಎಂದು ಕೇಳಿದ.

ತಕರಾರು ಎರಡಿದೆ. ಕೇಳದೇ ಎರಡೂ ಬದಿಗೆ ಗ್ಲಾಸ್ ಲ್ಯಾಮಿನೇಷನ್ ಹಾಕಿಬಿಟ್ಟರು. ಮಿಂಚುತ್ತದೆ ನಿಜ, ಆದರೆ ಅದರ ಮೇಲೆ ಪೆನ್ನು ಹತ್ತುವುದಿಲ್ಲ. ಪಟ್ಟಿಯಲ್ಲಿಲ್ಲದ ಕಲಮನ್ನು ಯಾರಾದರೂ ಪಕ್ಕದಲ್ಲಿ ಬರೆದುಕೊಳ್ಳೋಣವೆಂದರೆ ಆಗದು. ಒಳಬದಿಗೆ ಲ್ಯಾಮಿನೇಷನ್ ಬೇಡವೆಂದು ಆರ್ಡರಿನಲ್ಲೇ ಬರೆಸಿ. ಇನ್ನೊಂದು, ಬಿಲ್ಲು. ನಮ್ಮ ಬೈಲಾದಲ್ಲಿ ಅಭ್ಯರ್ಥಿಯ ಖರ್ಚಿನ ಲೆಕ್ಕ ಚುನಾವಣಾಧಿಕಾರಿಗೆ ಕೊಡಬೇಕು. ಇವರ ಬಿಲ್ಲು ಮೂರು ಫೋನು ಮಾಡಿದ ಮೇಲೆ ವಾಟ್ಸಾಪಿಗೆ ಬಂತು, ಅದೂ ಓರೆಯಾಗಿ ತೆಗೆದ ಫೋಟೋ. ಅಡ್ವಾನ್ಸ್ ಕೊಡುವಾಗಲೇ ರಸೀದಿ ಹರಿಸಿಕೊಳ್ಳಿ. ಹೋಗುವುದಾದರೆ ಬೆಳಿಗ್ಗೆ ಹನ್ನೊಂದರೊಳಗೆ ಹೋಗಿ, ಮಧ್ಯಾಹ್ನ ಮಷಿನ್ ಶುರುವಾದರೆ ಮಾಲಕರ ಕಿವಿಗೆ ನಿಮ್ಮ ಮಾತು ಬೀಳುವುದಿಲ್ಲ.