ಒಂದೇ ನೀರು, ಎರಡು ಕೋಣೆ: ಆಳು ಕರೆಸಿದ್ದು, ನಾವೇ ಬಳಿದದ್ದು, ಕ್ಲೇಮ್ ಹಾಕಿದ್ದು

ಹೋದ ವರ್ಷ ಸೆಪ್ಟೆಂಬರಿನ ಒಂದು ರಾತ್ರಿ ಕಲಬುರಗಿಯ ನಮ್ಮ ಮನೆಗೆ ನೀರು ಬಂತು. ಮೊದಲು ಬಚ್ಚಲ ಜಾಲಿಯಿಂದ ಗುಳುಗುಳು ಅಂತ ಮೇಲೆದ್ದಿತು, ಆಮೇಲೆ ಮುಂಬಾಗಿಲ ಸಂದಿಯಿಂದ. ನಮ್ಮ ಓಣಿ ತಗ್ಗಿನಲ್ಲಿದೆ. ಸುತ್ತ ಕರಿಮಣ್ಣು, ಒಮ್ಮೆ ನೆನೆದರೆ ನೀರನ್ನು ಕೆಳಗೆ ಬಿಡುವುದೇ ಇಲ್ಲ. ಮೇನ್ ಸ್ವಿಚ್ ಇಳಿಸಿ, ಅತ್ತೆಯವರನ್ನು ಮಂಚದ ಮೇಲೆ ಕೂರಿಸಿ ಬೆಳಗಿನವರೆಗೂ ಕಾದೆವು. ಇಳಿದ ಮೇಲೆ ನೋಡಿದರೆ ಗೋಡೆಗೆ ಮೊಣಕಾಲಿನಷ್ಟು ಎತ್ತರಕ್ಕೆ ಕಂದು ಗೆರೆ.

ನಮ್ಮವರು ಆಳುಗಳನ್ನು ಕರೆಸೋಣ ಎಂದರು. ನಾನು ನಾವೇ ಮಾಡೋಣ ಎಂದೆ. ಜಗಳ ಬೇಡ ಅಂತ ಹಾಲ್ ಅವರದ್ದು, ಹಿಂದಿನ ಕೋಣೆ ನನ್ನದು ಅಂತ ಹಂಚಿಕೊಂಡೆವು. ನ್ಯಾಯವಾಗಿ ಹೇಳಬೇಕೆಂದರೆ ಎರಡೂ ಸಮ ಅಲ್ಲ. ಹಾಲಿಗೆ ಟೈಲ್ಸ್ ಇದೆ, ಹಿಂದಿನ ಕೋಣೆಗೆ ಮಾವನವರು ಹಾಕಿಸಿದ ಶಹಾಬಾದ್ ಫರಸಿ, ಅಂದರೆ ಕಲ್ಲುಹಾಸು.

ಆಳುಗಳು ಇಬ್ಬರು ಬಂದರು, ನೀರೆಳೆಯುವ ವ್ಯಾಕ್ಯೂಮ್ ಮಷೀನ್ ತಂದಿದ್ದರು. ನಾಲ್ಕೂವರೆ ಸಾವಿರ ರೂಪಾಯಿ. ಮೂರು ತಾಸಿನಲ್ಲಿ ಹಾಲ್ ಫಳಫಳ. ಕೆಸರು ಎಳೆಯುವುದರಲ್ಲಿ ಮಷೀನಿಗೆ ಸಾಟಿಯಿಲ್ಲ, ಸೋಫಾ ಕೆಳಗಿನ ಮೂಲೆಯನ್ನೂ ಬಿಡಲಿಲ್ಲ. ಆದರೆ ಒಬ್ಬ ಹುಡುಗ ಬ್ಲೀಚಿಂಗ್ ಪೌಡರ್ ಹಾಕಿದ್ದ ಜಾಗಕ್ಕೇ ಬಚ್ಚಲು ತೊಳೆಯುವ ಆ್ಯಸಿಡ್ ಸುರಿಯಲು ಹೋದ. ಕೂಗಿ ನಿಲ್ಲಿಸಿದೆ. ಎರಡೂ ಸೇರಿದರೆ ಕ್ಲೋರಿನ್ ಗಾಳಿ ಏಳುತ್ತದೆ, ಮುಚ್ಚಿದ ಕೋಣೆಯಲ್ಲಿ ಉಸಿರೇ ಕಟ್ಟುತ್ತದೆ. ದುಡ್ಡು ಕೊಟ್ಟು ಕರೆಸಿದವರ ಹಿಂದೆಯೂ ನಾವು ನಿಂತಿರಬೇಕು ನೋಡಿ.

ನನ್ನ ಕೋಣೆಗೆ ಹೋದದ್ದು ವೈಪರ್, ಎರಡು ಬಕೆಟ್, ಹಳೇ ಲುಂಗಿಗಳು ಮತ್ತು ಒಂದಿಡೀ ದಿನ. ಸೊಂಟ ಹೋಯಿತು. ಸಂಜೆ ನೆಲ ಒಣಗಿದಂತೆ ಕಂಡಿತು, ಬೆಳಗ್ಗೆ ಫರಸಿ ಸಂದಿಗಳಲ್ಲಿ ಮತ್ತೆ ನೀರು! ನಾನು ತಲೆ ಮೇಲೆ ಕೈ ಹೊತ್ತು ಕೂತರೆ ಅತ್ತೆಯವರು ನಕ್ಕರು. "ಫರಸಿ ನೀರು ಕುಡದದ, ತಾನಾಗೇ ಕಾರ್ತದ ಬಿಡು" ಎಂದರು. ಹತ್ತು ದಿನ ಕಾರಿತು. ದಿನಾ ಬೆಳಗ್ಗೆ ಒರೆಸಿದೆ. ಹನ್ನೊಂದನೇ ದಿನ ಸಂದಿ ಬೆಳ್ಳಗೆ ಒಣಗಿ ನಿಂತಿತು.

ಹಾಲಿನ ಕಥೆ ಉಲ್ಟಾ. ಮೊದಲ ದಿನವೇ ಒಣಗಿದಂತಿತ್ತು, ನೀರು ಟೈಲ್ಸ್ ಅಡಿಯಲ್ಲಿ ಕೂತಿತ್ತು. ತಿಂಗಳ ಮೇಲೆ ಒಂದು ಮೂಲೆಯಲ್ಲಿ ಕಾಲಿಟ್ಟರೆ ಸಣ್ಣ ಸದ್ದು. ಐದು ರೂಪಾಯಿ ನಾಣ್ಯದಿಂದ ಒಂದೊಂದೇ ಟೈಲ್ಸ್ ಕುಟ್ಟಿ ನೋಡಿದೆ. ಗಟ್ಟಿ ಇರುವುದು ಟಕ್ ಎನ್ನುತ್ತದೆ, ಸಡಿಲಾದದ್ದು ಟೊಳ್ಳು ಡಬ್ಬದ ಹಾಗೆ ಡಬ್ ಎನ್ನುತ್ತದೆ. ಏಳು ಟೈಲ್ಸ್ ಡಬ್ ಎಂದವು.

ಒಣಗಿಸುವುದರಲ್ಲಿ ಇನ್ನೊಂದು ಪರೀಕ್ಷೆ ತಾನಾಗೇ ಆಯಿತು. ಕರೆಂಟಿನವನನ್ನು ಕರೆಸಿ ವೈರಿಂಗ್ ನೋಡಿಸಿದ ಮೇಲೆ ಹಾಲಿನಲ್ಲಿ ಸೀಲಿಂಗ್ ಫ್ಯಾನ್ ಹಚ್ಚಿದೆವು. ಹಿಂದಿನ ಕೋಣೆಯಲ್ಲಿ ನಾನು ಕೂಲರ್ ಇಟ್ಟೆ. ತೊಟ್ಟಿಯಲ್ಲಿ ನೀರಿಲ್ಲ, ಹುಲ್ಲಿನ ಜಾಲರಿ ತೆಗೆದದ್ದು, ಪಂಪ್ ಬಂದ್, ಬರೀ ಗಾಳಿ, ಮುಖ ಗೋಡೆಯ ಬುಡಕ್ಕೆ. ಬೇಸಿಗೆ ಮುಗಿದ ಮೇಲೆ ನಮ್ಮೂರಲ್ಲಿ ಮನೆಮನೆಯಲ್ಲಿ ಸುಮ್ನೆ ಮೂಲೆ ಹಿಡಿದಿರುವ ಸಾಮಾನು ಅದು, ಅಲ್ವಾ? ಸೀಲಿಂಗ್ ಫ್ಯಾನ್ ಗಾಳಿ ಮಂಚದ ಹಿಂದೆ, ಕಪಾಟಿನ ಹಿಂದೆ ಮುಟ್ಟುವುದೇ ಇಲ್ಲ. ಹಾಲಿನ ಶೋಕೇಸ್ ಹಿಂದೆ ಮೂರನೇ ದಿನಕ್ಕೇ ಕಪ್ಪು ಬೂಷ್ಟು ಕಂಡಿತು, ಕೂಲರ್ ಇಟ್ಟ ಗೋಡೆಗೆ ಬರಲಿಲ್ಲ. ಬೂಷ್ಟು ಹತ್ತಲು ಒಂದೆರಡು ದಿನದ ತೇವ ಸಾಕು. ಒಂದು ಮಾತು: ಕಿಟಕಿ ತೆರೆದಿರಬೇಕು, ಹೊರಗೆ ಮಳೆ ಸುರಿಯುವಾಗ ಮಾತ್ರ ಮುಚ್ಚಬೇಕು.

ಹಾಸಿಗೆಯ ಲೆಕ್ಕ ಬೇಗ ಮುಗಿಯಿತು. ಫೋಮ್ ಗಾದಿ ನೆನೆದರೆ ಮುಗೀತು, ಹಿಂಡಿದಷ್ಟೂ ಚರಂಡಿ ವಾಸನೆ. ಅತ್ತೆಯವರ ಹತ್ತಿ ಗಾದಿಯ ಅಂಚು ಮಾತ್ರ ನೆನೆದಿತ್ತು. ಆ ಭಾಗದ ಹತ್ತಿ ತೆಗೆದು ಬಿಸಾಕಿ, ಉಳಿದದ್ದನ್ನು ಬಿಸಿಲಿಗೆ ಹಾಕಿ, ಪಿಂಜಾರರ ಹತ್ತಿರ ಹಿಂಜಿಸಿ ಹೊಸ ಬಟ್ಟೆಯಲ್ಲಿ ತುಂಬಿಸಿದೆವು. ಈಗ ಮೊದಲಿಗಿಂತ ಮೆತ್ತಗಿದೆ.

ಇನ್ನು ದುಡ್ಡಿನ ಮಾತು. ನಮ್ಮ ಮೈದುನ ಪಕ್ಕದ ಓಣಿಯಲ್ಲಿ ಬಾಡಿಗೆಗಿದ್ದಾನೆ. ಅವನಿಗೆ ವಿಮೆ ಪಾಲಿಸಿ ಇರಲಿಲ್ಲ. ವಾಷಿಂಗ್ ಮಷೀನ್ ರಿಪೇರಿ ಮಾಡಿಸಿದ, ಉಬ್ಬಿದ ಪ್ಲೈವುಡ್ ದಿವಾನ ಗುಜರಿಗೆ ಹಾಕಿದ, ವಾರದಲ್ಲಿ ಕೈ ತೊಳೆದುಕೊಂಡ. ನನಗೂ ಪಾಲಿಸಿ ಇಲ್ಲ ಅಂತಲೇ ನಾನು ಅಂದುಕೊಂಡಿದ್ದೆ. ಗೃಹಸಾಲದ ಫೈಲ್ ಒಣಗಿಸಲು ಹಾಳೆ ಬಿಡಿಸಿದಾಗ 'ಭಾರತ್ ಗೃಹ ರಕ್ಷಾ' ಅಂತ ಒಂದು ಕಾಗದ ಸಿಕ್ಕಿತು. 2021ರ ಏಪ್ರಿಲ್ 1ರಿಂದ ಜಾರಿಗೆ ಬಂದ ಪಾಲಿಸಿ ಇದು, ಯಾವ ಕಂಪನಿಯದ್ದಾದರೂ ಮೂಲ ಷರತ್ತು ಒಂದೇ. ಇದರಲ್ಲಿ ಬೆಂಕಿಯ ಜೊತೆ ಬಿರುಗಾಳಿ, ಪ್ರವಾಹ, ನೀರು ನುಗ್ಗುವುದು, ಟ್ಯಾಂಕ್ ಅಥವಾ ಪೈಪ್ ಒಡೆಯುವುದು ಎಲ್ಲಾ ಬರುತ್ತದೆ. ಕಟ್ಟಡಕ್ಕೆ ವಿಮೆ ಮಾಡಿಸಿದ್ದರೆ, ನೀವು ಬೇಡ ಎನ್ನದಿದ್ದರೆ, ಅದರ ಶೇಕಡಾ 20ರಷ್ಟು, ಹೆಚ್ಚೆಂದರೆ 10 ಲಕ್ಷದವರೆಗೆ ಮನೆಸಾಮಾನಿಗೂ ತಾನಾಗೇ ವಿಮೆ ಇರುತ್ತದೆ. ಬ್ಯಾಂಕಿನಲ್ಲಿ ಇದನ್ನು ನನಗೆ ಯಾರೂ ಹೇಳಿರಲಿಲ್ಲ. ಬಾಡಿಗೆಯವರು ಸಾಮಾನಿಗಷ್ಟೇ ಮಾಡಿಸಬಹುದು ಅಂತ ಮೈದುನನಿಗೂ ಗೊತ್ತಿರಲಿಲ್ಲ.

ಕಂಪನಿಗೆ ಫೋನ್ ಮಾಡಿದ್ದು ಮೂರನೇ ದಿನ. ಅಷ್ಟರಲ್ಲಿ ನಾನು ಜಾಣತನ ಮಾಡಿ ನೆನೆದ ಕಂಬಳಿ, ಮಕ್ಕಳ ಪುಸ್ತಕ, ಮಿಕ್ಸರ್ ಎಲ್ಲಾ ಕಸದ ಗಾಡಿಗೆ ಹಾಕಿದ್ದೆ. ಫೋಟೊ ಇಲ್ಲ, ಬಿಲ್ ಇಲ್ಲ. ಹಾನಿ ನೋಡಲು ಕಂಪನಿ ಕಳಿಸಿದ ಸರ್ವೇಯರ್ ಗೋಡೆಯ ಗೆರೆಗೆ ಟೇಪ್ ಹಿಡಿದು ಅಳೆದರು, ಫ್ರಿಜ್ ತಿರುಗಿಸಿ ಕಂಪ್ರೆಸರ್ ನೋಡಿದರು. ಬಿಸಾಕಿದ ಸಾಮಾನಿನ ಸಾಲಿಗೆ ಅಡ್ಡಗೆರೆ ಹೊಡೆದರು. ಅಡುಗೆಮನೆ ಮಾಳಿಗೆಯ ಹಳೇ ಕಲೆಯನ್ನೂ ಸೇರಿಸಿ ಎಂದೆ. "ಮಳಿ ನುಗ್ಗಿದ್ದು ಪಾಲಿಸಿದು, ಮಾಳಗಿ ಸೋರೂದು ನಿಮ್ದು ಅಕ್ಕಾರೆ" ಎಂದರು. ವರ್ಷಗಟ್ಟಲೆ ಜಿನುಗಿದ್ದಕ್ಕೆ ಕೊಡುವುದಿಲ್ಲ, ಒಮ್ಮೆಗೇ ಬಿದ್ದ ಪೆಟ್ಟಿಗಷ್ಟೇ ಕೊಡುತ್ತಾರೆ.

68 ಸಾವಿರ ಬರೆದು ಕೊಟ್ಟಿದ್ದೆ, 41 ಸಾವಿರ ಬಂತು, ಅದೂ ಹನ್ನೊಂದು ವಾರದ ಮೇಲೆ. ನಡುವೆ ಫೋನ್‌ಗಳು, ರಿಪೇರಿ ಅಂದಾಜಿನ ಚೀಟಿಗಳು, ಒಂದೇ ಫಾರ್ಮ್ ಎರಡು ಸಲ. ಕಸ ಸಾಗಿಸಿದ ಖರ್ಚೂ ಕ್ಲೇಮಿನ ಶೇಕಡಾ 2ರವರೆಗೆ ಸಿಗುತ್ತದಂತೆ, ಗಾಡಿಯವನ ಹತ್ತಿರ ರಸೀದಿ ತೆಗೆದುಕೊಂಡಿದ್ದರೆ ತಾನೆ! ಒಪ್ಪಿಗೆಯಾಗದವರು ಮೊದಲು ಕಂಪನಿಗೇ ದೂರು ಕೊಡಬೇಕು. ತಿಂಗಳಾದರೂ ಉತ್ತರ ಬರದಿದ್ದರೆ, ಬಂದರೂ ಸಮಾಧಾನವಾಗದಿದ್ದರೆ, ವಿಮೆಯ ದೂರು ವಿಚಾರಿಸುವ ಅಧಿಕಾರಿ, ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್‌ಗೆ ಬರೆಯಬಹುದು. ಫೀಸಿಲ್ಲ, ವಕೀಲರೂ ಬೇಡ. ನಾನು ಅಷ್ಟು ದೂರ ಹೋಗಲಿಲ್ಲ.

ಹಾನಿ ಹತ್ತು ಸಾವಿರದೊಳಗಿದ್ದರೆ ನಾನು ಮೈದುನನ ದಾರಿಯನ್ನೇ ಹಿಡಿಯುತ್ತೇನೆ. ಫ್ರಿಜ್, ಬಾಗಿಲು, ಕಪಾಟು ಹೋದರೆ ಹನ್ನೊಂದು ವಾರ ಕಾಯುತ್ತೇನೆ. ಆದರೆ ತೊಳೆಯಲು ಸರ್ವೇಯರ್‌ಗೆ ಕಾಯುವುದಿಲ್ಲ. ಗೆರೆಯ ಸಮೇತ ಗೋಡೆ, ಒಂದೊಂದು ಸಾಮಾನು, ಅದರ ಹಿಂದಿನ ನಂಬರ್ ಪಟ್ಟಿ, ಎಲ್ಲದರ ಫೋಟೊ ತೆಗೆದು, ಕಂಪನಿಗೆ ಅದೇ ದಿನ ಫೋನ್ ಮಾಡಿ, ನೆಲ ಬಳಿಯಲು ಶುರು ಮಾಡುತ್ತೇನೆ. ಹಾಳಾದ ಸಾಮಾನು ಅಂಗಳದಲ್ಲೇ ಇರಲಿ. ಆಳು ಮಷೀನಿಗೆ ಮೊದಲ ದಿನದ ಕೆಸರು, ಉಳಿದದ್ದು ಕೂಲರಿಗೆ.

ಬಣ್ಣದಲ್ಲಿ ನಮ್ಮವರು ಸೋತರು. ದೀಪಾವಳಿಗೆ ಅವಸರ ಮಾಡಿ ಹಾಲಿಗೆ ಪ್ಲಾಸ್ಟಿಕ್ ಪೇಂಟ್ ಹೊಡೆಸಿದರು. ಡಿಸೆಂಬರಿಗೆ ಹಪ್ಪಳದ ಹಾಗೆ ಗುಳ್ಳೆ ಎದ್ದು, ಒಳಗಿಂದ ಉಪ್ಪು ಉದುರಿತು. ನಾನು ಗೋಡೆಗೆ ಅಂಗೈ ಅಗಲದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಕಡೆ ಟೇಪ್ ಹಚ್ಚಿ ರಾತ್ರಿಯಿಡೀ ಬಿಡುತ್ತಿದ್ದೆ. ಬೆಳಗ್ಗೆ ಒಳಗೆ ಬೆವರಿದ್ದರೆ ಇನ್ನೂ ತೇವ ಇದೆ ಅಂತ. ಫೆಬ್ರವರಿಯಲ್ಲಿ ಬೆವರು ನಿಂತಿತು, ಸುಣ್ಣ ಹೊಡೆಸಿದೆ. ಹಾಲಿನ ಏಳು ಟೈಲ್ಸ್ ಈಗಲೂ ಡಬ್ ಎನ್ನುತ್ತಿವೆ. ಕೀಳಿಸೋಣ ಎಂದರೆ ನಮ್ಮವರು ಪೇಪರ್ ಓದುತ್ತಾ ಕೂರುತ್ತಾರೆ.