ಫ್ರಂಟ್‌ಎಂಡ್ ಸಿವಿ: ಕೊಂಡ ಟೆಂಪ್ಲೇಟ್, ವರ್ಡ್, ಎಚ್‌ಟಿಎಂಎಲ್

ಫ್ರಂಟ್‌ಎಂಡ್, ಅಂದರೆ ವೆಬ್‌ಸೈಟಿನ ಕಣ್ಣಿಗೆ ಕಾಣುವ ಭಾಗ ಕಟ್ಟುವ ಕೆಲಸಕ್ಕೆ ಈ ಮೂರರಲ್ಲೂ ಸಿವಿ ಮಾಡಿ ನೋಡಿದ ಮೇಲೆ ನನ್ನ ಓಟು ವೆಬ್ ಪುಟ ಬರೆಯುವ ಭಾಷೆಯಾದ ಎಚ್‌ಟಿಎಂಎಲ್‌ಗೇ. ದಿನವಿಡೀ ಕೋಡ್ ಎಡಿಟರ್ ಮುಂದೆ ಕೂರುವವರಿಗೆ ಇದಕ್ಕಿಂತ ಸಲೀಸು ಬೇರೆ ಇಲ್ಲ, ಒಂದು ಕಾಸೂ ಖರ್ಚಿಲ್ಲ.

ದುಡ್ಡು ಕೊಟ್ಟು ತಗೊಂಡ ಟೆಂಪ್ಲೇಟ್ ನೋಡಲು ಸೊಗಸಾಗಿಯೇ ಇತ್ತು. ಎರಡು ಕಾಲಂ, ಎಡಕ್ಕೆ ಬಣ್ಣದ ಪಟ್ಟಿ, ಪ್ರತಿ ಸ್ಕಿಲ್‌ಗೂ ಚುಕ್ಕೆಗಳ ರೇಟಿಂಗ್. ಅರ್ಜಿ ಹಾಕಲು ಅಪ್‌ಲೋಡ್ ಮಾಡಿದರೆ ಫಾರಂ ತಾನಾಗಿ ತುಂಬಿಕೊಂಡಿತು. ಕಂಪನಿ ಹೆಸರಿನ ಜಾಗದಲ್ಲಿ ನನ್ನ ಸ್ಕಿಲ್ ಪಟ್ಟಿಯ 'ಟೈಪ್‌ಸ್ಕ್ರಿಪ್ಟ್'! ಕೆಲಸದ ಅವಧಿ ಖಾಲಿ.

ಪಿಡಿಎಫ್ ತೆರೆದು, ಪೂರ್ತಿ ಸೆಲೆಕ್ಟ್ ಮಾಡಿ ನೋಟ್‌ಪ್ಯಾಡ್‌ಗೆ ಪೇಸ್ಟ್ ಮಾಡಿದೆ. ಎಡ ಕಾಲಮ್ಮಿನ ಒಂದು ಸಾಲು, ಬಲ ಕಾಲಮ್ಮಿನ ಒಂದು ಸಾಲು ಹೆಣೆದುಕೊಂಡು ಬಂದವು: 'ರಿಯಾಕ್ಟ್ ಸೀನಿಯರ್ ಡೆವಲಪರ್ ಟೈಪ್‌ಸ್ಕ್ರಿಪ್ಟ್ 2021ರಿಂದ'. ಅಕ್ಷರಗಳ ನಡುವೆ ಅಂತರ ಜಾಸ್ತಿ ಇದ್ದ ಹೆಡಿಂಗ್‌ಗಳು ಬಿಡಿ ಬಿಡಿ ಅಕ್ಷರಗಳಾಗಿ ಒಡೆದಿದ್ದವು. ಚುಕ್ಕೆಗಳು ಬರೀ ಚಿತ್ರ, ಅಲ್ಲಿ ಓದಲು ಏನೂ ಇಲ್ಲ. ಇಂಥ ಪಿಡಿಎಫ್‌ನಲ್ಲಿ ಯಾವ ಅಕ್ಷರ ಪುಟದ ಎಲ್ಲಿ ಕೂರಬೇಕು ಅನ್ನುವುದಷ್ಟೇ ಇರುತ್ತದೆ. ಓದುವ ಕ್ರಮವನ್ನು ಸಾಫ್ಟ್‌ವೇರ್ ಊಹಿಸಿಕೊಳ್ಳಬೇಕು. ಅದೂ ಇರಲಿ, ಸಿಎಸ್‌ಎಸ್‌ಗೆ (ವೆಬ್ ಪುಟದ ಅಂದ, ಅಳತೆ ಹೇಳುವ ಭಾಷೆ) ಐದರಲ್ಲಿ ನಾಲ್ಕು ಚುಕ್ಕೆ ಕೊಟ್ಟರೆ ಯಾರಿಗೆ ಏನು ತಿಳಿಯುತ್ತದೆ?

ವರ್ಡ್‌ನಲ್ಲಿ ಒಂದೇ ಕಾಲಂ ಇಟ್ಟರೆ ಈ ತಾಪತ್ರಯ ಇಲ್ಲ. ಸಾಲು ಸೇರಿಸಿದಾಗ ಬಲಗಡೆಯ ತಾರೀಖುಗಳು ಆಚೀಚೆ ಜರುಗುತ್ತವೆ, ಅದೊಂದೇ ಕಿರಿಕಿರಿ.

ಎಚ್‌ಟಿಎಂಎಲ್‌ನಲ್ಲಿ ಹೆಡಿಂಗ್, ಪ್ಯಾರಾ, ಲಿಸ್ಟ್ ಇಷ್ಟೇ ಬಳಸಿದೆ. ಪೇಸ್ಟ್ ಮಾಡಿದರೆ ಬರೆದ ಕ್ರಮದಲ್ಲೇ ಬಂತು. ಪ್ರಿಂಟ್ ಸಿಎಸ್‌ಎಸ್‌ನಲ್ಲಿ ಎ4 ಅಳತೆ ಕೊಟ್ಟೆ. ಒಂದು ಕೆಲಸದ ವಿವರ ಎರಡು ಪುಟಕ್ಕೆ ಹರಿದುಹೋಗದ ಹಾಗೆ 'ಬ್ರೇಕ್-ಇನ್‌ಸೈಡ್: ಅವಾಯ್ಡ್' ಹಾಕಿದೆ. ಕ್ರೋಮ್‌ನಲ್ಲಿ ಪ್ರಿಂಟ್ ಒತ್ತಿ ಪಿಡಿಎಫ್ ಆಗಿ ಸೇವ್ ಮಾಡುವಾಗ ಹೆಡರ್-ಫೂಟರ್ ಟಿಕ್ ತೆಗೆಯಿರಿ, ಇಲ್ಲದಿದ್ದರೆ ತಾರೀಖು, ಫೈಲಿನ ಪಾತ್ ಎಲ್ಲ ಅಂಚಿನಲ್ಲಿ ಅಚ್ಚಾಗುತ್ತವೆ. ನನ್ನ ಕೋಡ್ ಇರುವ ಗಿಟ್‌ಹಬ್ ಲಿಂಕ್ ಒತ್ತಿದರೆ ತೆರೆಯುತ್ತದೆ. ಒಂದೊಂದು ಹುದ್ದೆಗೆ ಒಂದೊಂದು ಬ್ರಾಂಚ್, ಅಂದರೆ ಅದೇ ಸಿವಿಯ ಬೇರೆ ಆವೃತ್ತಿ, ಇಟ್ಟುಕೊಂಡಿದ್ದೇನೆ.

ಚುಕ್ಕೆಗಳು ಹೋದ ಜಾಗದಲ್ಲಿ ಮಾಡಿದ ಕೆಲಸ ಬರೆದೆ: 'ಮೇಲಿನ ದೊಡ್ಡ ಚಿತ್ರ ಹಗುರ ಮಾಡಿ, ಮೊದಲೇ ಲೋಡ್ ಆಗುವ ಹಾಗೆ ಮಾಡಿ, ಹೋಮ್ ಪೇಜಿನ ಎಲ್‌ಸಿಪಿಯನ್ನು 4 ಸೆಕೆಂಡಿನಿಂದ 2.5ರ ಒಳಗೆ ತಂದೆ.' ಎಲ್‌ಸಿಪಿ, ಅಂದರೆ ಪುಟದ ಅತಿ ದೊಡ್ಡ ಚಿತ್ರ ಅಥವಾ ಬರಹ ತೆರೆಯ ಮೇಲೆ ಕಾಣಲು ಹಿಡಿಯುವ ಸಮಯ, 2.5 ಸೆಕೆಂಡ್ ದಾಟದಿದ್ದರೆ ಗೂಗಲ್ ಅದನ್ನು ಒಳ್ಳೆಯದು ಅನ್ನುತ್ತದೆ, ಹಾಗಾಗಿ ಓದುವವರಿಗೆ ಆ ಅಂಕಿಯ ಬೆಲೆ ಗೊತ್ತಿರುತ್ತದೆ.

ಸಿಎಸ್‌ಎಸ್ ಈಗಷ್ಟೇ ಕಲಿಯುತ್ತಿದ್ದೀರಾ? ವರ್ಡ್ ಸಾಕು. ಟೆಂಪ್ಲೇಟ್‌ಗೆ ಮಾತ್ರ ಸುಮ್ನೆ ದುಡ್ಡು ಹಾಕಬೇಡಿ.